ಮೈಕು ಬಾಜೂಕಿಡೂಣು, ದೊಡ್ಡವ್ವನ್ನ ಕರಿಯೂಣು

ಬೆಂಗಳೂರಿಂದ ಬಂದಾಗಿಂದ ಓಣ್ಯಾಗ ನನಗ ಒಂದೇ ಪ್ರಶ್ನೆ. ನಳದ ನೀರು ಬಿಟ್ಟಾಗ ಒಬ್ಬಾಕಿ ಕೇಳ್ತಾಳ, ಕಿರಾಣಿ ಅಂಗಡ್ಯಾಗ ಇನ್ನೊಬ್ಬಾಕಿ ಕೇಳ್ತಾಳ. “ಏನ್ರೀ ವೈನಿ, ಚರ್ಚಿನ್ಯಾಗ ಹಾಡು ಕೇಳಾಕ ಹೋಗಿದ್ರಂತಲ್ಲ?” ಮಸ್ಕ್ಯಾಗಿರೋ ನನ್ನ ತಂಗಿ ಅಂತೂ ಫೋನ್ ಮಾಡಿ, “ಅಕ್ಕಾ, ಇನ್ನ ನಮ್ಮ ಭಜನಿ ಬಿಟ್ಟು ಇಂಗ್ಲೀಷ್ ಹಾಡು ಹೇಳ್ತೀ ಏನು?” ಅಂತ ನಕ್ಕಿದ್ದೇ ನಕ್ಕಿದ್ದು. ಒಬ್ಬೊಬ್ಬರಿಗೆ ಹೇಳ್ಕೋಂತ ಕುಂತ್ರ ನನ್ನ ರೊಟ್ಟಿ ಹೊತ್ತತಾವು. ಅದಕ್ಕ ಎಲ್ಲಾರಿಗೂ ಒಮ್ಮೆಗೇ ಇಲ್ಲೇ ಬರ್ದು ಬಿಡ್ತೀನಿ.

ಹೌದ್ರಿ, ಹೋಗಿದ್ದೆ. ಕೇಳಿದೆ. ಭಾಳ ಚಂದಿತ್ತು. ಆದ್ರ ನಾನು ಬರಿಯಾಕ ಕುಂತಿದ್ದು ಆ ಚಂದ ಹೇಳಾಕ ಅಷ್ಟ ಅಲ್ಲ. ಅದನ್ನ ಕೇಳಿದ ಮ್ಯಾಲ ನಮ್ಮ ಓಣಿ ಭಜನಾ ಮಂಡಳಿ ಬಗ್ಗೆ ನನಗ ಒಂದು ವಿಚಾರ ಬಂತು. ಅದನ್ನ ಹೇಳಿದ್ರ ಕೆಲವರಿಗೆ ಸಿಟ್ಟು ಬರಬಹುದು. ಬರ್ಲಿ. ಆ ತಪ್ಪಿನೊಳಗ ನಂದೂ ಪಾಲದ, ಅದನ್ನೂ ಹೇಳ್ತೀನಿ.

ಡಿಸೆಂಬರಿನ್ಯಾಗ ಮಗಳ ಮನಿಗೆ ಹೋಗಿದ್ದೆ. ಅಕಿ ಕಂಪ್ಯೂಟರ್ ಕೆಲಸದಾಕಿ, ನಿಮಗೆಲ್ಲಾ ಗೊತ್ತೇ ಅದ. ಹೋದ ಮರುದಿನ ನಾನು ಅಡಗಿ ಮನ್ಯಾಗ ರೊಟ್ಟಿ ಬಡಿಯಾಕತ್ತಿದ್ದೆ. ಇಕಿ ಒಂದು ದಪ್ಪನ ಪುಸ್ತಕ ಕೈಯಾಗ ಹಿಡ್ಕೊಂಡು ಅಡ್ಡಾಡ್ಕೋಂತ ಹಾಡಾಕ ಹತ್ತಿದ್ಲು. ಒಂದೇ ಸಾಲು, ಹತ್ತು ಸಲ, ಹನ್ನೆರಡು ಸಲ. ಅದಕ್ಕ ತಲಿ ಇಲ್ಲ, ಬಾಲ ಇಲ್ಲ. ಎರಡು ಸುರದಾಗ ನಿಂತು ನಿಂತು ಹೋಗ್ತದ, ನಡುವ ಸುಮ್ಮನಾಗಿ ಬೆರಳು ಎಣಿಸ್ತಾಳ, ಮತ್ತ ಹಿಡೀತಾಳ. “ಇದೇನು ಹಾಡವಾ ಇದು? ಅರ್ಧ ಮರ್ತಿ ಏನು?” ಅಂದೆ. ಅಕಿ ನಕ್ಕು, “ಅವ್ವಾ, ನಾ ಹಾಡೋದು ಇಡೀ ಹಾಡಲ್ಲ. ಹಾಡಿನ ನಾಕು ಪಾಲಿನೊಳಗ ಒಂದು ಪಾಲು. ನಂದು ಹೆಣಮಕ್ಕಳ ಕೆಳಗಿನ ದನಿ. ಅದಕ್ಕ ಆಲ್ಟೋ ಅಂತಾರ” ಅಂದ್ಲು.

ಅಕಿ ಸೇರ್ಕೊಂಡಿದ್ದು ನಲವತ್ತು ಮಂದಿ ಕೂಡಿ ಹಾಡೋ ಒಂದು ಗುಂಪು. ಕಾಯರ್ ಅಂತಾರ. ಹಾಡೋದೇ ಕಸುಬು ಮಾಡ್ಕೊಂಡೋರು ಯಾರೂ ಇಲ್ಲ. ಬ್ಯಾಂಕಿನ್ಯಾಗ ಕೆಲಸ ಮಾಡಿ ರಿಟೈರ್ ಆದೋರು, ಹಲ್ಲಿನ ಡಾಕ್ಟರು, ನರ್ಸ್, ಕಾಲೇಜು ಹುಡುಗ್ಯಾರು, ಮೊಮ್ಮಕ್ಕಳಿದ್ದ ಅಜ್ಜಿ. ಕ್ರಿಶ್ಚಿಯನ್ನರೂ ಇದ್ದಾರ, ನಮ್ಮಂಥೋರೂ ಇದ್ದಾರ. ವಾರಕ್ಕ ಒಂದಿನ, ಭಾನುವಾರ ಸಂಜಿಮುಂದ ಎರಡು ತಾಸು ತಾಲೀಮು. ಮೂರು ತಿಂಗಳು ಹಿಂಗ ಮಾಡಿ ಕ್ರಿಸ್‌ಮಸ್ಸಿಗೆ ಮುಂಚೆ ಒಂದು ದಿನ ಹಾಡ್ತಾರ.

ಅವರು ಹಾಡಿದ್ದು ‘ಮೆಸ್ಸಾಯ’ ಅನ್ನೋದು. ಬರ್ದಾಂವ ಹ್ಯಾಂಡೆಲ್. ಜರ್ಮನಿಯೊಳಗ ಹುಟ್ಟಿ ಲಂಡನ್‌ನಾಗ ನೆಲಸಿದಾಂವ. ಈ ಕಾಲದ ಸಂಗೀತಕ್ಕ ಬರೋಕ್ ಅಂತ ಹೆಸರಂತ. ಸುಮಾರು 1600ರಿಂದ 1750ರ ತನಕ ಅದರ ಕಾಲ. ಪೋರ್ಚುಗೀಸ್ ಮಾತಿನ್ಯಾಗ ಆ ಶಬ್ದಕ್ಕ ಸೊಟ್ಟ ಮುತ್ತು ಅಂತ ಅರ್ಥ ಅಂತ ಮಗಳು ಹೇಳಿದ್ಲು. ದುಂಡಗಿರದ ಮುತ್ತು. ಆವಾಗ ನಾನು ಅದನ್ನ ಸುಮ್ಮ ಕೇಳಿಸ್ಕೊಂಡೆ. ಆಮ್ಯಾಲ ನೆನಪಾತು.

ಹಾಡೋ ದಿನ ದಂಡು ಪ್ರದೇಶದ ಕಡೆ ಒಂದು ಹಳೇ ಚರ್ಚಿಗೆ ಹೋದ್ವಿ. ಚರ್ಚಿಗೆ ಯಾಕ ಹೋದಿ ಅಂತ ಕೇಳೋರಿಗೆ ಇಲ್ಲೇ ಒಂದು ಮಾತು. ನನ್ನ ತವರಮನಿ ಲಿಂಗಸುಗೂರು. ನಾವು ಸಣ್ಣವರಿದ್ದಾಗ ಅಪ್ಪ ನಮ್ಮನ್ನ ಮುದಗಲ್ಲ ಮೊಹರಂಗೆ ಕರ್ಕೊಂಡು ಹೋಗ್ತಿದ್ದ. ಅಲ್ಲಿ ಹಿಂದೂಗಳು ಎಷ್ಟೋ, ಮುಸಲ್ಮಾನರು ಅಷ್ಟೋ, ಎಲ್ಲಾರೂ ಕೂಡೇ ಹೆಜ್ಜಿ ಹಾಕಿ ರಿವಾಯತ್ ಪದ ಹಾಡ್ತಾರ, ಅದೂ ಕನ್ನಡದಾಗ. ಅದೇ ಮುದಗಲ್ಲಿನ್ಯಾಗ ಆದಿಲ್‌ಶಾಹಿ ಕಾಲದಿಂದ ಕ್ರಿಶ್ಚಿಯನ್ ಮನಿಗಳೂ ಅದಾವು. ಅಂಥಾ ಸೀಮ್ಯಾಗ ಹುಟ್ಟಿದಾಕಿ ನಾನು, ದೇವರ ಹಾಡು ಯಾರ ಮನ್ಯಾಗ ಹಾಡಿದ್ರೂ ಕೇಳಾಕ ಏನಡ್ಡಿ?

ಒಳಗ ಹೋಗಿ ಕುಂತೆ. ಮೊದಲು ನಾ ನೋಡಿದ್ದು ಏನಂದ್ರ, ಮೈಕ್ ಇಲ್ಲ. ನಲವತ್ತು ಮಂದಿ ಸಾಲಾಗಿ ನಿಂತಾರ, ಕೈಯಾಗ ಪುಸ್ತಕ, ಮುಂದ ಹಾಡು ಕಲಿಸೋ ಮೇಡಮ್ ಬರೇ ಕೈ ಆಡ್ಸಿ ಹೇಳ್ತಾರ. ಸಣ್ಣದೊಂದು ವಾದ್ಯದ ಮೇಳ. ಮ್ಯಾಲ ಎತ್ತರದ ಛತ್ತು. ಒಂದು ಕಡೆ ದನಿ ಶುರುವಾತು. ಅದು ಒಂದು ಸಾಲು ಹೇಳೋದ್ರಾಗ ಇನ್ನೊಂದು ಕಡೆಯವರು ಅದೇ ಸಾಲು ಹಿಡಿದ್ರು. ಅವರು ಮುಗಸೋದ್ರಾಗ ಮೂರನೇದವರು. ಬೀಸೋಕಲ್ಲಿನ ಮುಂದ ನಮ್ಮ ಅವ್ವ, ಚಿಗವ್ವ ಇಬ್ರೂ ಕುಂತು ಬೀಸುವಾಗ ಅವ್ವನ ಉಸುರು ಮುಗಿಯೋದ್ರಾಗ ಚಿಗವ್ವ ಎತ್ತಿಕೊಂಬೋಳಲ್ಲ, ಹಂಗ. ಸೋಬಾನ ಹಾಡುವಾಗ ಇಬ್ಬರು ಹೇಳಿ ಇಬ್ಬರು ತಿರುಗಿ ಹೇಳ್ತಾರಲ್ಲ, ಹಂಗ. ಆದ್ರ ಇಲ್ಲಿ ಮೊದಲಿನವರು ಬಿಡೋದಿಲ್ಲ. ಅವರದೂ ನಡೀತದ, ಇವರದೂ ನಡೀತದ, ಒಂದಕ್ಕೊಂದು ಜಗಳಾಡೋದಿಲ್ಲ.

ನನ್ನ ಕಣ್ಣು ಮಗಳ ಮ್ಯಾಲೇ ಇತ್ತು. ಅಡಗಿ ಮನ್ಯಾಗ ತಲಿ ಬಾಲ ಇಲ್ಲದಂಗ ಕೇಳಿಸಿದ ಆ ಎರಡು ಸುರದ ಸಾಲು ಇಲ್ಲಿ ಮ್ಯಾಲಿನ ದನಿ ಕೆಳಗ ಹಾಸಿಗಿ ಹಾಸಿದಂಗ ಇತ್ತು. ಅದು ಇಲ್ಲಂದ್ರ ಮ್ಯಾಲಿಂದು ಗಾಳ್ಯಾಗ ನೇತಾಡ್ತದ. ‘ಹಲ್ಲೆಲೂಯ’ ಅನ್ನೋ ಭಾಗ ಬಂದಾಗ ಕೇಳೋ ಮಂದಿ ಎಲ್ಲಾ ಎದ್ದು ನಿಂತ್ರು. ಅದು ಅವರ ರೂಢಿಯಂತ. ನಾನೂ ಎದ್ದು ನಿಂತೆ. ಕಣ್ಣಾಗ ನೀರು ಬಂತು. ಬಾಜೂಕ ಕುಂತ ಅಜ್ಜಿ ನನ್ನ ಕೈ ಒತ್ತಿದ್ಲು. ಅಕಿ ಹಾಡು ಕೇಳಿ ಅಳ್ತಾಳ ಅಂದ್ಕೊಂಡಿರಬೇಕು. ನಾ ಅತ್ತಿದ್ದು ಬ್ಯಾರೇ ಕಾರಣಕ್ಕ.

ನನ್ನ ಮಗಳಿಗೆ ಹನ್ನೆರಡು ವರ್ಷ ಇದ್ದಾಗ ನಮ್ಮ ಮಂಡಳಿ ದಸರೆಕ್ಕ ಒಂದು ಕಡೆ ಹಾಡಾಕ ಹೋಗೋದಿತ್ತು. ಅಕಿದು ಮೊದಲಿಂದ ಗಡಸು ದನಿ. ಮ್ಯಾಲ ಏರೋದಿಲ್ಲ. ಎಲ್ಲಾರ ಕೂಡ ಹಾಡಾಕ ಹೋದ್ರ ಒಡೀತಿತ್ತು. ಆವಾಗ ನಾನೇ, ಹೆತ್ತ ತಾಯಿನೇ ಅಕಿ ಕಿವ್ಯಾಗ ಹೇಳ್ದೆ. “ನೀ ದನಿ ತೆಗೀಬ್ಯಾಡ, ಬಾಯಿ ಅಷ್ಟ ಆಡ್ಸು.” ಅಕಿ ಹಂಗೇ ಮಾಡಿದ್ಲು. ಆ ಮ್ಯಾಲ ಮಂಡಳಿಗೂ ಬರ್ಲಿಲ್ಲ, ಮನ್ಯಾಗೂ ಹಾಡ್ಲಿಲ್ಲ. ನಾ ಅದನ್ನ ಮರ್ತೇ ಬಿಟ್ಟಿದ್ದೆ. ಅಕಿ ಮರ್ತಿದ್ದಿಲ್ಲ. ಕಾಯರಿಗೆ ಸೇರೋ ದಿನ ಆ ಮೇಡಮ್ಮಿಗೆ, “ನನ್ನ ದನಿ ಕೆಟ್ಟದ, ಸಾಲದೇ ಇದ್ರ ಹೇಳ್ರಿ” ಅಂದಿದ್ಲಂತ. ಅವರು ಪಿಯಾನೋದ ಮುಂದ ನಿಂದ್ರಿಸಿ ಮ್ಯಾಲ ಕೆಳಗ ಹಾಡಿಸಿ ನೋಡಿ, “ಕೆಟ್ಟಿಲ್ಲ. ನಿನ್ನ ಜಾಗ ಇಲ್ಲದ” ಅಂತ ಕೆಳಗಿನ ದನಿಯವರ ಸಾಲಿನ್ಯಾಗ ನಿಂದ್ರಿಸಿದ್ರಂತ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ನಾ ಕೊಟ್ಟಿದ್ದಿಲ್ಲ ನೋಡ್ರಿ.

ಮನಿಗೆ ಬಂದ ಮ್ಯಾಲ ಈ ಮೆಸ್ಸಾಯದ ಕಥಿ ಮಗಳ ಕಡಿಂದ ಪೂರಾ ಹೇಳಿಸ್ಕೊಂಡೆ. 1741ರಾಗ ಹ್ಯಾಂಡೆಲ್ 24 ದಿನದಾಗ ಇದನ್ನ ಬರ್ದು ಮುಗಿಸಿದ. ಮೊದಲ ಸಲ ಹಾಡಿದ್ದು 1742ರ ಏಪ್ರಿಲ್ 13ಕ್ಕ, ಐರ್ಲೆಂಡಿನ ಡಬ್ಲಿನ್ ಊರಾಗ. ಬಂದ ರೊಕ್ಕ ದವಾಖಾನಿಗೆ, ಮತ್ತ ಸಾಲ ತೀರಿಸಲಾರದ ಜೇಲಿನ್ಯಾಗ ಇದ್ದ ಬಡವರನ್ನ ಬಿಡಿಸಾಕ. 142 ಮಂದಿ ಬಿಡುಗಡಿ ಆದ್ರಂತ. ಇನ್ನೊಂದು ಕೇಳ್ರಿ, ನಗು ಬರ್ತದ. ಜಾಗ ಸಾಲೂದಿಲ್ಲ ಅಂತ ಹೇಳಿ, ಹೆಣಮಕ್ಕಳು ಲಂಗದೊಳಗ ಬಳಿ ಹಾಕ್ಕೊಂಡು ಬರಬ್ಯಾಡ್ರಿ, ಗಣಮಕ್ಕಳು ಕತ್ತಿ ಕಟ್ಕೊಂಡು ಬರಬ್ಯಾಡ್ರಿ ಅಂತ ಮೊದಲೇ ತಿಳಿಸಿದ್ರಂತ. ಆ ಕಾಲದ ಶ್ರೀಮಂತ ಹೆಣಮಕ್ಕಳು ಲಂಗ ಅಗಲಾಗಿ ನಿಂದ್ರಲಿ ಅಂತ ಒಳಗ ದೊಡ್ಡ ಬಳಿ ಹೊಲಿಸ್ಕೊಂತಿದ್ರು. ಒಬ್ಬಾಕಿ ಕುಂತ್ರ ಮೂವರ ಜಾಗ. ಅವರು ಬಳಿ ತೆಗೆದಿಟ್ಟು ಬಂದಿದ್ದಕ್ಕ ಸುಮಾರು 700 ಮಂದಿ ಕುಂತು ಕೇಳಿದ್ರು.

ನನಗ ಭಾಳ ಹಿಡಿಸಿದ್ದು ಅವತ್ತು ಕೆಳಗಿನ ದನಿಯೊಳಗ ಹಾಡಿದ ಹೆಣಮಗಳ ಕಥಿ. ಅಕಿ ಹೆಸರು ಸುಸಾನ್ನಾ ಸಿಬ್ಬರ್. ನಾಟಕದಾಕಿ. ಸಂಸಾರದ ಜಗಳ ಕೋರ್ಟಿನ ತನಕ ಹೋಗಿ, ಲಂಡನ್ ತುಂಬಾ ಮಂದಿ ಆಡ್ಕೊಂಡು, ರಂಗ ಬಿಟ್ಟು ಕುಂತಿದ್ಲು. ಆ ಮ್ಯಾಲ ಡಬ್ಲಿನ್ನಿಗೆ ಬಂದು ಸೇರಿದ್ಲು. ಅಕಿ ದನಿ ದೊಡ್ಡದಲ್ಲ, ಸಣ್ಣ ನೂಲಿನ ಎಳಿ ಇದ್ದಂಗ ಅಂತ ಆ ಕಾಲದ ಸಂಗೀತ ಬಲ್ಲೋರೇ ಬರ್ದಾರ. ಆದ್ರ ಅಕಿ ಹಾಡಿದ್ರ ಮನಸ್ಸು ಕರಗ್ತಿತ್ತು ಅಂತಾನೂ ಬರ್ದಾರ. ಹ್ಯಾಂಡೆಲ್ ಅಂಥಾ ದೊಡ್ಡಾಂವ ಅಕಿಗೆ “ನೀ ಬಾಯಿ ಅಷ್ಟ ಆಡ್ಸು” ಅನ್ನಲಿಲ್ಲ. ಅಕಿ ಕೊರಳಿಗೆ ಒಗ್ಗೋ ಹಾಡು ಅಕಿಗೆ ಕೊಟ್ಟ.

ಅವರ ಕಡೇನೂ ಎಲ್ಲಾ ಮೊದಲಿಂದ ಸರಿ ಇತ್ತು ಅಂತ ತಿಳೀಬ್ಯಾಡ್ರಿ. ಡಬ್ಲಿನ್ನಿನ ಆ ಮೇಳದಾಗ ಗುಂಪಿನೊಳಗ ಹಾಡಿದೋರು ಚರ್ಚಿನ ಗಣಮಕ್ಕಳು, ಹುಡುಗರು. ಹ್ಯಾಂಡೆಲ್ ಹುಟ್ಟಿದ ವರ್ಷವೇ, 1685ರಾಗ, ಹುಟ್ಟಿದ ಬಾಖ್ ಅನ್ನಾಂವ ಲೈಪ್‌ಸಿಗ್ ಊರಿನ ಚರ್ಚಿಗೆ ವಾರವಾರ ಹೊಸ ಹಾಡು ಕಟ್ಟಿ ಹಾಡಿಸಿದ. ಅಲ್ಲೂ ಮ್ಯಾಲಿನ ದನಿ ಹಾಡ್ತಿದ್ದೋರು ಸಣ್ಣ ಹುಡುಗರೇ, ಹೆಣಮಕ್ಕಳಿಗೆ ಜಾಗ ಇದ್ದಿಲ್ಲ. ಇಟಲಿಯ ವೆನಿಸ್ ಊರಾಗ ಮಾತ್ರ ಒಂದು ಅನಾಥಾಲಯ ಇತ್ತು, ಪಿಯೆತಾ ಅಂತ. ಅಲ್ಲಿ ಬೆಳೆದ ಹೆಣಮಕ್ಕಳಿಗೆ ವಿವಾಲ್ಡಿ ಅನ್ನೋ ಪಾದ್ರಿ ಸಂಗೀತ ಕಲಿಸಿದ. ಅವರು ಜಾಲರಿ ಹಿಂದ ನಿಂತು ಹಾಡ್ತಿದ್ರು. ಮುಖ ಕಾಣಂಗಿಲ್ಲ, ದನಿ ಅಷ್ಟ. ಅದನ್ನ ಕೇಳಾಕ ದೂರ ದೂರದ ದೇಶದಿಂದ ಮಂದಿ ಬರ್ತಿದ್ರು. ಹೆಣಮಕ್ಕಳು ದೇವರ ಹಾಡು ಕೂಡಿ ಹಾಡಬೇಕಂದ್ರ ಎಲ್ಲಾ ಕಡೇನೂ ಜಾಗ ಗಳಿಸೇ ಹಾಡ್ಯಾರ, ಯಾರೂ ಸುಮ್ಮ ಕರ್ದು ಕೊಟ್ಟಿಲ್ಲ.

ಇದೆಲ್ಲಾ ಪರದೇಶದ ಮಾತು ಅನಬ್ಯಾಡ್ರಿ. 1834ರಾಗ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಆಮ್ಯಾಲ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ತನಕ ಚರ್ಚು, ಸಾಲಿ ಕಟ್ಟಿದ್ರು. ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಸಾಹೇಬ್ರು ಆ ಮಿಶನ್ನಿನವರೇ. ಅಲ್ಲಿ ಇವತ್ತಿಗೂ ಜರ್ಮನಿಯ ಹಳೇ ಧಾಟಿಗೆ ಕನ್ನಡದ ಹಾಡು ಹಾಡ್ತಾರ. ಬಾಖ್ ಸೈತ ತನ್ನ ದೊಡ್ಡ ದೊಡ್ಡ ಹಾಡಿನೊಳಗ ಊರ ಮಂದಿಗೆಲ್ಲಾ ಗೊತ್ತಿದ್ದ ಇಂಥಾ ಧಾಟಿಗಳನ್ನೇ ಕೂಡಿಸ್ಯಾನ.

ಈಗ ನಮ್ಮ ಕಡೆ ನೋಡೂಣು. ಬಾಖ್, ಹ್ಯಾಂಡೆಲ್ ಹುಟ್ಟೋಕಿಂತ ಮೂರೇ ವರ್ಷ ಮುಂಚೆ, 1682ರಾಗ, ನಮ್ಮ ಮಾನ್ವಿ ಸೀಮಿಯ ಚೀಕಲಪರ್ವಿಯೊಳಗ ವಿಜಯದಾಸರು ಹುಟ್ಟಿದ್ರು. ಅವರು 1755ರ ತನಕ ಇದ್ರು. ಅಲ್ಲಿ ಮೆಸ್ಸಾಯ ಹಾಡೋ ಹೊತ್ತಿನ್ಯಾಗ ಇಲ್ಲಿ ತುಂಗಭದ್ರೆ ದಂಡಿ ಮ್ಯಾಲ ವಿಜಯದಾಸರು ಸುಳಾದಿ ಕಟ್ತಿದ್ರು. ಅವರ ಶಿಷ್ಯರು ಮೊಸರಕಲ್ಲಿನ ಗೋಪಾಲದಾಸರು, ಆಮ್ಯಾಲ ಮಾನ್ವಿಯ ಜಗನ್ನಾಥದಾಸರು, ಅವರ ಶಿಷ್ಯರು ನಮ್ಮ ಲಿಂಗಸುಗೂರಿನ ಪ್ರಾಣೇಶದಾಸರು. ಹೆಣಮಕ್ಕಳೊಳಗ ಹೆಳವನಕಟ್ಟಿ ಗಿರಿಯಮ್ಮ, ಆ ಮ್ಯಾಲ ಹರಪನಹಳ್ಳಿ ಭೀಮವ್ವ. ಎಷ್ಟು ದೊಡ್ಡ ಆಸ್ತಿ ನೋಡ್ರಿ.

ಆದ್ರ ಒಂದು ಫರಕದ, ಅದನ್ನ ತಿಳ್ಕೊಬೇಕು. ಹ್ಯಾಂಡೆಲ್ ತನ್ನ ಕೈಯಾರೆ ಬರೆದ ಮೆಸ್ಸಾಯದ ಕಾಗದ ಲಂಡನ್ನಿನ ಬ್ರಿಟಿಷ್ ಲೈಬ್ರರಿಯೊಳಗ ಇವತ್ತಿಗೂ ಅದ. ಯಾವ ದನಿ ಎಲ್ಲಿ ಏರಬೇಕು, ಎಷ್ಟು ಹೊತ್ತು ನಿಂದ್ರಬೇಕು, ಎಲ್ಲಾ ಬರ್ದಾನ. ನೂರು ವರ್ಷ ಯಾರೂ ಹಾಡದಿದ್ರೂ ತೆಗೆದು ಹಾಡಬಹುದು. ನಮ್ಮ ದಾಸರ ಪದದ ಸಾಹಿತ್ಯ ಪುಸ್ತಕದಾಗ ಅದ, ರಾಗದ ಹೆಸರು, ತಾಳದ ಹೆಸರು ಇರ್ತದ, ಆದ್ರ ಮನಿ ಮನಿಯೊಳಗ ಹೆಣಮಕ್ಕಳು ಹಾಡೋ ಧಾಟಿ ಎಲ್ಲೂ ಬರ್ದಿಲ್ಲ. ಅದು ಕೊರಳಿಂದ ಕೊರಳಿಗೆ ಬಂದದ್ದು. ನನ್ನ ಅವ್ವ ಲಿಂಗಸುಗೂರಿನ್ಯಾಗ ಹಾಡ್ತಿದ್ದ ಆರತಿ ಪದ ಒಂದು ಧಾಟಿ, ಸಿಂಧನೂರಿಗೆ ಬಂದ್ರ ನಮ್ಮ ಅತ್ತಿ ಹಾಡ್ತಿದ್ದ ಅದೇ ಪದ ಇನ್ನೊಂದು ಧಾಟಿ, ನಡುವ ಮಸ್ಕ್ಯಾಗ ತಂಗಿ ಅತ್ತಿ ಮನ್ಯಾಗ ಮೂರನೇದು. ಒಂದೇ ರಸ್ತಾದ ಮೂರು ಊರು, ಒಂದೇ ಪದಕ್ಕ ಮೂರು ಧಾಟಿ! ಈಗ ಮೂರೂ ಊರಾಗ ಯೂಟ್ಯೂಬಿನ ಒಂದೇ ಧಾಟಿ ಕೇಳಿಸ್ತದ. ಮಸ್ಕಿ ಧಾಟಿ ತಂಗಿಗೂ ಪೂರಾ ಬರೋದಿಲ್ಲ. ಅವರತ್ತಿ ಹೋಗಿ ಆರು ವರ್ಷಾತು.

ಇಲ್ಲಿಗೆ ಹುಣಸೀಮರದ ಮನಿ ದೊಡ್ಡವ್ವನ ಮಾತು ಬರ್ತದ. ಓಣಿಯವರಿಗೆ ಯಾರಂತ ಹೇಳೋದು ಬ್ಯಾಡ. ಎಪ್ಪತ್ತಾರು ವರ್ಷ. ನಮ್ಮ ಮಂಡಳಿ ಶುರುವಾದಾಗ ಅಕಿನೇ ಮುಂದ. ಆವಾಗ ಪೇಟಿ ಸೈತ ಇದ್ದಿಲ್ಲ, ಎರಡು ಜೋಡಿ ತಾಳ ಅಷ್ಟ. ಶುಕ್ರವಾರ ಒಬ್ಬೊಬ್ಬರ ಮನ್ಯಾಗ ಕೂಡ್ತಿದ್ವಿ, ದಾಸರ ಪದ ಹೇಳೋರು ದಾಸರ ಪದ, ವಚನ ಹೇಳೋರು ವಚನ, ತತ್ವಪದ ಬರೋರು ತತ್ವಪದ. ಮುಗಿದ ಮ್ಯಾಲ ಮಂಡಾಳ ಒಗ್ಗರಣಿ, ಮಿರ್ಚಿ, ಚಾ. ನವರಾತ್ರ್ಯಾಗ ಅಂಬಾಮಠದ ದೇವಿ ಪುರಾಣ ಹಚ್ಚಿದಾಗ ದೊಡ್ಡವ್ವ ಒಂಬತ್ತು ದಿನಾನೂ ತಪ್ಪಿಸ್ತಿದ್ದಿಲ್ಲ. ಅಕಿಗೆ ಬರೋ ಪದ ಎಷ್ಟಂತ ಅಕಿಗೂ ಗೊತ್ತಿಲ್ಲ. ಓದು ಬರಹ ಇಲ್ಲ, ವಹಿ ಇಲ್ಲ. ಎಲ್ಲಾ ತಲ್ಯಾಗ.

ಆಮ್ಯಾಲ ಪೇಟಿ ಬಂತು. ಚಲೋ ಆತು. ಮೈಕ್ ಬಂತು. ಆವಾಗಿಂದ ಸ್ವಲ್ಪ ಸ್ವಲ್ಪ ಬದಲಾತು. ಮೈಕಿನ ಮುಂದ ಕುಂತಾಕಿ ದನಿ ಅಷ್ಟ ಹೊರಗ ಕೇಳ್ತದ, ಉಳಿದ ಇಪ್ಪತ್ತು ಮಂದಿ ಹಿಂದಿನ ಸಾಲಿನ್ಯಾಗ ಬಾಯಿ ಆಡ್ಸಿದ್ರೂ ನಡೀತದ, ಆಡ್ಸದಿದ್ರೂ ನಡೀತದ. ಕೆಲವರು ಹಿಂದ ಕುಂತು ಫೋನ್ ನೋಡಾಕ ಹತ್ತಿದ್ರು. ಆಮ್ಯಾಲ ಟ್ರ್ಯಾಕ್ ಬಂತು. ಪೆನ್ ಡ್ರೈವಿನ್ಯಾಗ ವಾದ್ಯ ಎಲ್ಲಾ ಇರ್ತದ, ಅದರ ಸುರಕ್ಕ ನಾವು ಹಾಡಬೇಕು. ಅದರ ಸುರ ಮ್ಯಾಲ. ವಯಸ್ಸಾದೋರಿಗೆ ನಿಲುಕೋದಿಲ್ಲ. ಪೇಟಿ ಇದ್ದಾಗ “ಸ್ವಲ್ಪ ಕೆಳಗ ಹಿಡೀವಾ” ಅಂದ್ರ ಹಿಡೀತಿದ್ವಿ. ಪೆನ್ ಡ್ರೈವಿಗೆ ಯಾರು ಹೇಳ್ಬೇಕು?

ಎರಡು ವರ್ಷದ ಹಿಂದ ಒಂದು ಭಜನಾ ಸ್ಪರ್ಧೆಗೆ ಹೆಸರು ಕೊಟ್ವಿ. ಹನ್ನೆರಡು ಮಂದಿ ಅಷ್ಟ ಹೋಗಬೇಕು. ಎಲ್ಲಾರದೂ ಒಂದೇ ಬಣ್ಣದ ಸೀರಿ. ಯಾರು ಯಾರು ಅಂತ ಕುಂತು ಆರಿಸುವಾಗ ದೊಡ್ಡವ್ವನ ಹೆಸರು ಬಂತು. “ದನಿ ಒಡೀತದ, ಮಾರ್ಕ್ಸ್ ಹೋಗ್ತಾವು” ಅಂತ ಒಬ್ರು ಅಂದ್ರು. ಯಾರೂ ಮಾತಾಡ್ಲಿಲ್ಲ. ನಾನೂ ಮಾತಾಡ್ಲಿಲ್ಲ. ಅಷ್ಟ ಅಲ್ಲ, ಅಕಿ ಮನಿಗೆ ಹೋಗಿ ಹೇಳೋ ಕೆಲಸ ನನ್ನ ಮ್ಯಾಲ ಬಂತು. “ದೊಡ್ಡವ್ವಾ, ದೂರ ಪ್ರಯಾಣ, ನಿನಗ ತ್ರಾಸಾಗ್ತದ, ಮನ್ಯಾಗಿರು” ಅಂದೆ. ಅಕಿ ಮುಖ ನೋಡಿದ್ಲು. “ಹೂನವಾ, ತ್ರಾಸಾಗ್ತದ” ಅಂದ್ಲು. ಅಷ್ಟೇ. ನಮಗ ಎರಡನೇ ಬಹುಮಾನ ಬಂತು. ಸ್ಟೀಲಿನ ಡಬ್ಬಿ ಕೊಟ್ರು. ಆ ಶುಕ್ರವಾರದಿಂದ ದೊಡ್ಡವ್ವ ಮಂಡಳಿಗೆ ಬಂದಿಲ್ಲ. ಮೊಣಕಾಲು ನೋವು ಅಂತಾಳ. ನಾವೂ ಮೊಣಕಾಲು ನೋವು ಅಂತ ನಂಬಿದಂಗ ಮಾಡ್ತೀವಿ.

ಕೆಲವರು ಅಂತಾರ, “ಸ್ಪರ್ಧೆ ಅಂದ ಮ್ಯಾಲ ಚಂದಾಗೇ ಹಾಡಬೇಕಲ್ಲ? ಯಾರು ಬೇಕಾದ್ರೂ ಒದರಿದ್ರ ಹೆಂಗ?” ಆ ಮಾತು ನಾ ಒಪ್ತೀನಿ. ಬೆಂಗಳೂರಿನ ಆ ಕಾಯರ್ ಕೂಡಾ ಯಾರು ಬೇಕಾದ್ರೂ ಒದರೋ ಜಾಗ ಅಲ್ಲ. ಅಲ್ಲಿ ಶಿಸ್ತು ನಮಗಿಂತ ಹೆಚ್ಚು. ತಾಲೀಮು ತಪ್ಪಿಸಿದ್ರ ಮೇಡಮ್ ಬೈತಾರ. ಒಂದು ಅಕ್ಷರ ಒಬ್ಬರು ಮುಂಚೆ ಬಿಟ್ರೂ ಮತ್ತ ಮೊದಲಿಂದ ಹಾಡಿಸ್ತಾರ. ಆದ್ರ ಆ ಶಿಸ್ತು ಇರೋದು ದನಿ ಕೂಡಿಸಾಕ, ಕೆಳಗಿನ ದನಿಯವರನ್ನ ಹೊರಗ ಹಾಕಾಕ ಅಲ್ಲ. ಇನ್ನು ಕೆಲವರು ಅಂತಾರ, “ಭಕ್ತಿ ಇದ್ರ ಸಾಕು, ತಾಲೀಮು ಯಾಕ?” ಅದನ್ನ ಮಾತ್ರ ನಾ ಒಪ್ಪೋದಿಲ್ಲ. ದೇವರಿಗೆ ಹೋಳಿಗಿ ಮಾಡುವಾಗ ಭಕ್ತಿ ಇದ್ರ ಸಾಕು ಅಂತ ಕಣಕ ನಾದದ ಬಿಡ್ತೀವೇನು?

ಮಗಳು ಅವರ ತಾಲೀಮಿನ ಒಂದು ಮಾತು ಹೇಳಿದ್ಲು. ಉದ್ದನ ಸುರ ಹಿಡೀಬೇಕಾದ್ರ ಯಾರಿಗೂ ಅಷ್ಟು ಉಸುರು ಇರೋದಿಲ್ಲ. ಎಲ್ಲಾರೂ ಒಮ್ಮೆಗೇ ಉಸುರು ತಗೊಂಡ್ರ ಹಾಡು ಹರೀತದ. ಅದಕ್ಕ ಮೇಡಮ್, “ಬಾಜೂದಾಕಿ ಉಸುರು ತಗೊಂಡಾಗ ನೀ ಹಾಡು, ನೀ ತಗೊಳ್ಳುವಾಗ ಅಕಿ ಹಾಡ್ತಾಳ” ಅಂತ ಕಲಿಸ್ತಾರಂತ. ಕೇಳೋರಿಗೆ ಹಾಡು ಎಲ್ಲೂ ನಿಂತಂಗ ಅನಸೋದಿಲ್ಲ. ನಮ್ಮ ಮಂಡಳ್ಯಾಗ ಮೈಕಿನಾಕಿಗೆ ನೆಗಡಿ ಆದ್ರ ಆ ಶುಕ್ರವಾರ ಭಜನಿನೇ ಇಲ್ಲ. ಇಪ್ಪತ್ತು ಮಂದಿ ಇದ್ದೂ ಒಬ್ಬಾಕಿ ಉಸುರಿನ ಮ್ಯಾಲ ನಡ್ಯಾಕತ್ತದ. ಇದು ನನಗ ಸರಿ ಅನಸೋದಿಲ್ಲ, ಆ ಮೈಕಿನಾಕಿಗೂ ಇದು ಭಾರನೇ.

ಸಂಕ್ರಾಂತಿಗೆ ಮಗಳು ಊರಿಗೆ ಬಂದಿದ್ಲು. ಎಳ್ಳು ಬೆಲ್ಲ ಕೊಡಾಕ ಅಂತ ಇಬ್ರೂ ದೊಡ್ಡವ್ವನ ಮನಿಗೆ ಹೋದ್ವಿ. ಅಕಿ ಪಡಸಾಲ್ಯಾಗ ಮರದಾಗ ತೊಗರಿಬ್ಯಾಳಿ ಹಾಕ್ಕೊಂಡು ಹಳ್ಳು ಆರಿಸಾಕತ್ತಿದ್ಲು. ಮಗಳು ಕೇಳೇ ಬಿಟ್ಲು. “ದೊಡ್ಡವ್ವಾ, ನೀ ಬೆಳಗಿನ ಪದ ಹಾಡ್ತಿದ್ದೆಲ್ಲ, ಅದನ್ನ ಒಮ್ಮೆ ಹೇಳು.” “ನನ್ನ ದನಿ ಬ್ಯಾಡ ಅಂದೋರು ನಿಮ್ಮವ್ವನ ಮಂಡಳಿಯವರೇ ಅಲ್ಲೇನವಾ” ಅಂದ್ಲು. ಮೊಣಕಾಲಿನ ಮಾತು ಅಲ್ಲಿಗೇ ಮುಗೀತು. ನಾನು, “ಹೌದು ದೊಡ್ಡವ್ವಾ, ನಾನೇ ಬಂದು ಹೇಳಿದಾಕಿ. ತಪ್ಪಾತು” ಅಂದೆ. ಅಕಿ ಏನೂ ಅನ್ನಲಿಲ್ಲ. ಬ್ಯಾಳಿ ಆರಿಸ್ಕೋಂತ ಕುಂತ್ಲು. ನಾವೂ ಎರಡೂ ಕಡೆ ಕುಂತು ಕೈ ಹಾಕಿದ್ವಿ. ಸ್ವಲ್ಪ ಹೊತ್ತಿನ ಮ್ಯಾಲ, ನಮಗಲ್ಲ ಬ್ಯಾಳಿಗೆ ಹೇಳಿದಂಗ, ಸಣ್ಣಗ ಶುರು ಮಾಡಿದ್ಲು.

ದನಿ ಕೆಳಗಿತ್ತು. ಗಂಡಸರ ದನಿ ಹತ್ರ ಹತ್ರ. ನಡುವ ನಡುವ ಒಡೀತಿತ್ತು. ಆದ್ರ ಧಾಟಿ ಅಂದ್ರ ಧಾಟಿ. ಎಲ್ಲಿ ತಿರುವಬೇಕೋ ಅಲ್ಲಿ ತಿರುವ್ತದ, ಒಂದು ತೂಕ ಆಚೆ ಈಚೆ ಆಗೋದಿಲ್ಲ. ನನಗ ಆ ಸುರ ಅಷ್ಟು ಕೆಳಗ ಹಿಡಿಯಾಕ ಆಗಲಿಲ್ಲ. ಮಗಳಿಗೆ ಆತು. ಎರಡನೇ ನುಡಿಗೆ ಅಕಿ ದೊಡ್ಡವ್ವನ ದನಿ ಬಾಜೂಕ ತನ್ನ ದನಿ ಇಟ್ಲು. ದೊಡ್ಡವ್ವ ಉಸುರು ತಗೊಳ್ಳುವಾಗ ಇಕಿ ಹಿಡಿದ್ಲು, ಇಕಿ ತಗೊಳ್ಳುವಾಗ ಅಕಿ. ದೊಡ್ಡವ್ವ ನಿಲ್ಲಿಸಿ, “ನಿನಗ ಚಲೋ ದನಿ ಅದಲ್ಲ ತಂಗಿ, ಎಲ್ಲಿ ಇಟ್ಟಿದ್ದಿ ಇಷ್ಟು ದಿನ?” ಅಂತ ಕೇಳಿದ್ಲು. ಮಗಳು ನನ್ನ ಕಡೆ ನೋಡ್ಲಿಲ್ಲ. ನೋಡದಿದ್ದದ್ದೇ ಅಕಿ ದೊಡ್ಡತನ.

ಅವತ್ತು ಫೋನಿನ್ಯಾಗ ಏಳು ಪದ ಹಿಡ್ಕೊಂಡೀವಿ. ಅದರಾಗ ಮೂರು ನಾನು ಜನ್ಮದಾಗ ಕೇಳಿದ್ದಿಲ್ಲ. ಇಪ್ಪತ್ತು ವರ್ಷ ಒಂದೇ ಮಂಡಳ್ಯಾಗ ಕುಂತೂ ಕೇಳಿದ್ದಿಲ್ಲ. ಫೋನಿನ್ಯಾಗ ಹಿಡಿದ್ರೂ ಸಾಲೂದಿಲ್ಲ ಅನ್ನೋದು ನನ್ನ ಮಾತು. ಫೋನು ನೀರಾಗ ಬಿದ್ರ ಹೋತು. ಕೊರಳಾಗ ಬಂದದ್ದು ಕೊರಳಿಗೇ ಹೋಗಬೇಕು.

ಅದಕ್ಕ ನಮ್ಮ ಮಂಡಳಿಯವರಿಗೆ, ಮತ್ತ ಲಿಂಗಸುಗೂರು, ಮಸ್ಕಿ ಕಡೆ ಮಂಡಳಿ ನಡಸೋ ಅಕ್ಕತಂಗ್ಯಾರಿಗೆ ನಾ ಕೇಳ್ಕೊಳ್ಳೋದು ಇಷ್ಟ. ತಿಂಗಳಿನ್ಯಾಗ ಒಂದು ಶುಕ್ರವಾರ ಆದ್ರೂ ಮೈಕು, ಪೆನ್ ಡ್ರೈವು ಎರಡೂ ಬಾಜೂಕಿಡೂಣು. ಪೇಟಿಯ ಸುರ ಕೂಡಿದೋರ ಒಳಗ ಎಲ್ಲಾರಿಗಿಂತ ಹಿರೇಳ ಕೊರಳಿಗೆ ನಿಲುಕೋ ಹಂಗ ಹಿಡಿಯೂಣು. ಸಣ್ಣೋರು ಕೆಳಗ ಇಳಿದು ಹಾಡಬಹುದು, ಹಿರೇರು ಮ್ಯಾಲ ಏರಾಕ ಆಗೋದಿಲ್ಲ. ಗಡಸು ದನಿಯವರನ್ನ ಒಂದು ಕಡೆ ಕೂಡಿಸಿ, ಅವರು ಒಂದು ಸಾಲು ಹೇಳಲಿ, ಮ್ಯಾಲಿನ ದನಿಯವರು ತಿರುಗಿ ಹೇಳಲಿ. ಸೋಬಾನದಾಗ ನಾವು ಮಾಡ್ತಿದ್ದದ್ದೇ ಅದು, ಹೊಸದೇನಲ್ಲ. ವರ್ಷಕ್ಕ ಆರು ಹಳೇ ಧಾಟಿ, ಊರ ಧಾಟಿ, ತಾಲೀಮು ಮಾಡಿ ಎಲ್ಲಾರಿಗೂ ಬರೋ ಹಂಗ ಮಾಡೂಣು. ಸ್ಪರ್ಧೆಗೆ ಹೋಗಬ್ಯಾಡ ಅನ್ನೋದಿಲ್ಲ. ಆದ್ರ ಹನ್ನೆರಡು ಮಂದಿ ಸಲುವಾಗಿ ಇಪ್ಪತ್ತು ಮಂದಿ ಮಂಡಳಿ ಒಡ್ಕೊಂಬೋದು ಬ್ಯಾಡ. ಆ ಸ್ಟೀಲಿನ ಡಬ್ಬಿಯೊಳಗ ಈಗ ನಾ ರವಾ ಹಾಕಿಟ್ಟೀನಿ. ತೆಗೆದಾಗೊಮ್ಮೆ ದೊಡ್ಡವ್ವನ ಮುಖ ನೆನಪಾಗ್ತದ.

ಬರೋ ಶುಕ್ರವಾರ ಭಜನಿ ನಮ್ಮ ಮನ್ಯಾಗ ಅದ. ದೊಡ್ಡವ್ವನ್ನ ಕರ್ಕೊಂಡು ಬರಾಕ ನಾನೇ ಹೋಗ್ತೀನಿ. ಬರ್ತೀನಿ ಅಂತ ಇನ್ನೂ ಅಂದಿಲ್ಲ, “ನೋಡೂಣವಾ, ಮೊಣಕಾಲು” ಅಂದಾಳ. ಮೆಟ್ಟಲ ಏರೋದು ಬ್ಯಾಡಂತ ಈ ಸಲ ಕೆಳಗಿನ ಅಂಗಳದಾಗೇ ಜಮಖಾನಿ ಹಾಸ್ತೀನಿ. ನೀವೆಲ್ಲಾ ಬರ್ರಿ. ದನಿ ಹೆಂಗೇ ಇದ್ರೂ ಬರ್ರಿ. ಬಾಯಿ ಅಷ್ಟ ಆಡ್ಸೋದು ಮಾತ್ರ ನನ್ನ ಮನ್ಯಾಗ ಇನ್ನ ನಡಿಯೋದಿಲ್ಲ. ಮಿರ್ಚಿಗೆ ದಪ್ಪ ಮೆಣಸಿನಕಾಯಿ ತಂದಿಟ್ಟೀನಿ.